ಪಸೇಟನ್ ಕಾಡಲ್ಲಿ ಎಂಟು ದಿನ: ಏಳು ಜನ, ಎರಡು ಗರಗಸ

ಹಿಂದಿನ ದಿನ, ವಿಂಥ್ರಪ್

ಸಿಯಾಟಲ್‌ನಿಂದ ಮಧ್ಯಾಹ್ನ ಹೊರಟು ಹೈವೇ 20 ಹಿಡಿದ್ರೆ ನಾರ್ತ್ ಕ್ಯಾಸ್ಕೇಡ್ಸ್ ಘಾಟಿ ದಾಟಿ ಸಂಜೆ ಹೊತ್ತಿಗೆ ವಿಂಥ್ರಪ್ ಸೇರಬಹುದು. ಘಾಟಿ ಈಚೆ ಪಾಚಿ, ಜರಿಗಿಡ, ಸದಾ ತೊಟ್ಟಿಕ್ಕೋ ಮರಗಳು, ನಮ್ಮ ಆಗುಂಬೆ ಕಡೆ ನೆನಪಾಗುತ್ತೆ, ವಾಷಿಂಗ್ಟನ್ ಪಾಸ್ ದಾಟಿ ಇಳಿಯೋಕೆ ಶುರು ಮಾಡಿದ್ರೆ ಪೂರ್ತಿ ಬೇರೆ ಊರು, ಒಣ ಗಾಳಿ, ಪೈನ್ ಅಂಟಿನ ವಾಸನೆ, ಬೂದು ಬಣ್ಣದ ಕುರುಚಲು. ಜುಲೈ ಎರಡನೇ ವಾರ. ನಾನು ಟ್ರೇಲ್, ಅಂದ್ರೆ ಕಾಡಿನ ಕಾಲುದಾರಿ, ರಿಪೇರಿ ಕೆಲಸಕ್ಕೆ ವಾಲಂಟಿಯರ್ ಆಗಿ ಹೋಗೋಕೆ ಶುರು ಮಾಡಿ ಒಂಬತ್ತು ವರ್ಷ ಆಯ್ತು, ಆದ್ರೆ ಎಂಟು ದಿನದ ಒಳಕಾಡಿನ ಕ್ರೂಗೆ ನಾನೇ ಲೀಡರ್ ಆಗಿದ್ದು ಇದೇ ಮೊದಲು. ಅದಕ್ಕೇ ರಾತ್ರಿ ನಿದ್ದೆ ಬರದೆ ಹೆಡ್‌ಲ್ಯಾಂಪ್ ಹಾಕ್ಕೊಂಡು ಫಸ್ಟ್ ಏಡ್ ಪೆಟ್ಟಿಗೆ ಮೂರು ಸಲ ತೆಗೆದು ನೋಡಿದೆ.

ಪಸೇಟನ್ ಅಂದ್ರೆ ಕೆನಡಾ ಗಡಿಗೆ ಅಂಟ್ಕೊಂಡೇ ಇರೋ ಕಾಡು, ಸುಮಾರು 5 ಲಕ್ಷ 30 ಸಾವಿರ ಎಕರೆ. 1968ರಲ್ಲಿ ಇದನ್ನ ವೈಲ್ಡರ್‌ನೆಸ್ ಅಂತ ಘೋಷಣೆ ಮಾಡಿದ್ರು. ಆ ಪದಕ್ಕೆ ಇಲ್ಲಿ ಕಾನೂನಿನ ಅರ್ಥ ಇದೆ. 1964ರ ವೈಲ್ಡರ್‌ನೆಸ್ ಕಾಯ್ದೆ ಪ್ರಕಾರ ಒಳಗೆ ರಸ್ತೆ ಇಲ್ಲ, ಮೋಟಾರ್ ಇಲ್ಲ, ಸೈಕಲ್ ಕೂಡ ಇಲ್ಲ, ಮಣ್ಣು ಸಾಗಿಸೋಕೆ ಒಂದು ಚಕ್ರದ ಕೈಗಾಡಿನೂ ಬಳಸೋ ಹಾಗಿಲ್ಲ. ಮರ ಬಿದ್ದು ದಾರಿ ಮುಚ್ಚಿದ್ರೆ ಮೋಟಾರ್ ಗರಗಸ ತಗೊಂಡು ಹೋಗಂಗಿಲ್ಲ, ಇಬ್ಬರು ಎದುರುಬದುರು ನಿಂತು ಎಳೆಯೋ ಉದ್ದ ಗರಗಸನೇ ಗತಿ. ಮೊದಲ ವರ್ಷ ನನಗೆ ಇದು ಹಠ ಅನ್ನಿಸಿತ್ತು. ಈಗ ಹಾಗನ್ನಿಸಲ್ಲ. ಇಂಜಿನ್ ಸದ್ದಿಲ್ಲದ ಕಾಡಲ್ಲಿ ಮರ ಕೊಯ್ಯೋವಾಗ ಮರ ಏನು ಹೇಳ್ತಿದೆ ಅನ್ನೋದು ಕಿವಿಗೆ ಕೇಳುತ್ತೆ, ಅದು ಜೀವ ಉಳಿಸುತ್ತೆ, ಯಾಕೆ ಅಂತ ಆರನೇ ದಿನದ ಹತ್ರ ಹೇಳ್ತೀನಿ.

ದಿನ 1

ಬೆಳಗ್ಗೆ ಆರಕ್ಕೆ ಎಲ್ಲರೂ ಸೇರಿದ್ವಿ. ನಾನೂ ಸೇರಿ ಏಳು ಜನ. ಎಪ್ಪತ್ತೊಂದು ವರ್ಷದ ಒಬ್ಬ ರಿಟೈರ್ಡ್ ಮೇಷ್ಟ್ರು, ಹೈಸ್ಕೂಲಲ್ಲಿ ಮರಗೆಲಸ ಕಲಿಸ್ತಿದ್ದವರು. ಒಬ್ಬರು ಎಮರ್ಜೆನ್ಸಿ ವಾರ್ಡಿನ ನರ್ಸ್. ಹತ್ತೊಂಬತ್ತರ ಕಾಲೇಜ್ ಹುಡುಗಿ, ಇದೇ ಮೊದಲ ಸಲ ಬರ್ತಿರೋದು. ಗಂಡ ಹೆಂಡತಿ ಇಬ್ಬರು, ಸೇಬಿನ ತೋಟದವರು. ಇನ್ನೊಬ್ಬ ನನ್ನ ಥರಾನೇ ಸಾಫ್ಟ್‌ವೇರ್ ಹುಡುಗ, ವಾರವಿಡೀ ಮಾತೇ ಆಡ್ಲಿಲ್ಲ, ಆದ್ರೆ ಅವನು ಮಾಡಿದ ಕೆಲಸದಲ್ಲಿ ಒಂದು ತಪ್ಪೂ ಇರ್ಲಿಲ್ಲ.

ಚೀವಕ್ ನದಿ ಪಕ್ಕದ ರಸ್ತೆಯಲ್ಲಿ ಉತ್ತರಕ್ಕೆ ಹೋಗ್ತಾ ಥರ್ಟಿಮೈಲ್ ಸ್ಮಾರಕದ ಹತ್ರ ಗಾಡಿ ನಿಲ್ಲಿಸಿದೆ. 2001ರ ಜುಲೈ 10ನೇ ತಾರೀಖು ಇದೇ ಕಣಿವೆಯಲ್ಲಿ ಕಾಡ್ಗಿಚ್ಚು ನಂದಿಸೋಕೆ ಬಂದ ನಾಲ್ಕು ಜನ ಬೆಂಕಿಗೆ ಸಿಕ್ಕಿ ಸತ್ತರು, ಅವರಲ್ಲಿ ಚಿಕ್ಕವಳಿಗೆ 18 ವರ್ಷ. ನಮ್ಮ ಕಾಲೇಜ್ ಹುಡುಗಿ ಆ ಕಲ್ಲಿನ ಮುಂದೆ ತುಂಬಾ ಹೊತ್ತು ನಿಂತಿದ್ಲು. ನಾನು ಏನೂ ಹೇಳ್ಲಿಲ್ಲ, ಸುರಕ್ಷತೆ ಬಗ್ಗೆ ಬೆಳಗ್ಗೆ ಮಾಡಬೇಕಿದ್ದ ಭಾಷಣದ ಅರ್ಧ ಅಲ್ಲೇ ಮುಗೀತು.

ರಸ್ತೆ ಕೊನೆಯಲ್ಲಿ ಹೇಸರಗತ್ತೆಗಳು ಕಾಯ್ತಿದ್ವು. ಅವನ್ನ ನಡೆಸೋ ಹೆಂಗಸು ಐವತ್ತರ ಆಸುಪಾಸಿನವರು, ಪ್ರತಿ ಪೆಟ್ಟಿಗೆನೂ ಸ್ಪ್ರಿಂಗ್ ತಕ್ಕಡಿಗೆ ನೇತು ಹಾಕಿ ತೂಗಿದ್ರು, ಎಡಗಡೆ ಬಲಗಡೆ ಭಾರ ಸಮ ಇಲ್ದಿದ್ರೆ ಪ್ರಾಣಿ ಬೆನ್ನು ಹುಣ್ಣಾಗುತ್ತೆ ಅಂತ. ನನ್ನ ಅಡುಗೆ ಪೆಟ್ಟಿಗೆ ಎರಡು ಪೌಂಡ್ ಜಾಸ್ತಿ ಇತ್ತು. ಪುಳಿಯೋಗರೆ ಗೊಜ್ಜಿನ ಡಬ್ಬಿ ತೆಗೆದು ಆಚೆ ಪೆಟ್ಟಿಗೆಗೆ ಹಾಕಿದ ಮೇಲೆ ಸರಿ ಹೋಯ್ತು. ಗರಗಸಗಳಿಗೆ ಬೆಂಕಿ ನಂದಿಸೋ ಹಳೇ ಹೋಸ್ ಪೈಪ್ ಸೀಳಿ ಹಲ್ಲಿಗೆ ಕವರ್ ಮಾಡಿರ್ತಾರೆ, ಅವನ್ನ ಬಿಲ್ಲಿನ ಥರ ಬಗ್ಗಿಸಿ ಹೊರೆ ಮೇಲೆ ಕಟ್ಟಿದ್ರು.

ನಡಿಗೆ ಬಗ್ಗೆ ಜಾಸ್ತಿ ಏನಿಲ್ಲ. ಚೀವಕ್ ಫಾಲ್ಸ್ ಹತ್ರ ಊಟ, ಸೊಳ್ಳೆ, ಮತ್ತೆ ನಡಿಗೆ, ಸಂಜೆ ಐದಕ್ಕೆ ನದಿ ಪಕ್ಕ ಒಂದು ಸಮತಟ್ಟಾದ ಜಾಗದಲ್ಲಿ ಟೆಂಟ್. ಟೆಂಟ್ ಹಾಕೋ ಮೊದಲು ಎಲ್ಲರೂ ಕತ್ತೆತ್ತಿ ಮೇಲೆ ನೋಡ್ಬೇಕು, ಒಣಗಿ ನಿಂತ ಮರದ ಬುಡದಿಂದ ಒಂದೂವರೆ ಮರದುದ್ದ ದೂರ ಇರ್ಬೇಕು ಅಂತ ಹೇಳಿ ನಾನೇ ಒಂದೊಂದು ಟೆಂಟಿನ ಹತ್ರನೂ ಹೋಗಿ ನಿಂತು ನೋಡಿ ಬಂದೆ. ಹೇಸರಗತ್ತೆಗಳು ಹೊರೆ ಇಳಿಸಿ ವಾಪಸ್ ಹೋದ್ವು, ಅವುಗಳ ಗಂಟೆ ಸದ್ದು ನಿಂತ ಮೇಲೆ ನದಿ ಸದ್ದು ಒಂದೇ.

ನಮ್ಮ ಗುರಿ ರೆಮ್ಮೆಲ್ ಸರೋವರ. ರಸ್ತೆಯಿಂದ ಹದಿನಾಲ್ಕು ಮೈಲಿ ಹತ್ರ. ಅಲ್ಲಿವರೆಗೆ ಹೇಸರಗತ್ತೆ ಹೋಗೋ ಹಾಗೆ ದಾರಿ ಬಿಡಿಸೋದು.

ದಿನ 2

ಈ ಕಣಿವೆಯಲ್ಲಿ ದಾರಿ ಯಾಕೆ ಇಷ್ಟು ಮುಚ್ಚುತ್ತೆ ಅಂದ್ರೆ ಬೆಂಕಿ. 2003ರಲ್ಲಿ ಫೇರ್‌ವೆಲ್ ಕಿಚ್ಚು ಸುಮಾರು 80 ಸಾವಿರ ಎಕರೆ ಸುಡ್ತು, 2006ರಲ್ಲಿ ಪೂರ್ವದ ಬೆಟ್ಟಗಳಲ್ಲಿ ಟ್ರೈಪಾಡ್ ಕಿಚ್ಚು ಸುಮಾರು 1 ಲಕ್ಷ 75 ಸಾವಿರ. ಬೆಂಕಿ ಹೋಯ್ತು, ಸತ್ತ ಮರಗಳು ಹಾಗೇ ನಿಂತ್ವು. ಬೇರು ಕೊಳೀತಾ ಹೋದ ಹಾಗೆ ಪ್ರತಿ ಚಳಿಗಾಲ, ಪ್ರತಿ ಗಾಳಿಗೆ ಒಂದಿಷ್ಟು ಬೀಳ್ತವೆ, ಇಪ್ಪತ್ತು ವರ್ಷ ಆದ್ರೂ ಇನ್ನೂ ಬೀಳ್ತಾನೇ ಇವೆ. ಕೆಳಗೆ ಲಾಡ್ಜ್‌ಪೋಲ್ ಪೈನ್ ಮರಿಗಳು ದಟ್ಟವಾಗಿ ಎದ್ದಿವೆ, ಈ ಜಾತಿಯ ಕೆಲವು ಕಾಯಿ ಬೆಂಕಿ ಶಾಖ ತಾಗಿದ್ರೇನೇ ಬಿರಿದು ಬೀಜ ಉದುರಿಸೋದು. ಒಂದು ವರ್ಷ ಯಾರೂ ಬರ್ಲಿಲ್ಲ ಅಂದ್ರೆ ದಾರಿ ಹುಡುಕ್ಬೇಕಾಗುತ್ತೆ, ಮೂರು ವರ್ಷ ಬರ್ಲಿಲ್ಲ ಅಂದ್ರೆ ದಾರಿ ಮ್ಯಾಪಲ್ಲಿ ಮಾತ್ರ ಇರುತ್ತೆ.

ಟೂಲ್‌ಗಳು: ಗರಗಸ ಎರಡು, ಕೊಡಲಿ, ಬೆಣೆಗಳು, ಮತ್ತೆ ಪುಲಾಸ್ಕಿ. ಪುಲಾಸ್ಕಿ ಅಂದ್ರೆ ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ ಥರ ಅಡ್ಡ ಬಾಯಿ. 1910ರ ಆಗಸ್ಟಲ್ಲಿ ಐಡಾಹೋ, ಮೊಂಟಾನಾ ಕಡೆ ಎರಡೇ ದಿನದಲ್ಲಿ 30 ಲಕ್ಷ ಎಕರೆ ಸುಟ್ಟ ಮಹಾಕಿಚ್ಚಲ್ಲಿ ತನ್ನ ಜೊತೆಗಿದ್ದ ನಲವತ್ತಕ್ಕೂ ಹೆಚ್ಚು ಜನರನ್ನ ಹಳೇ ಗಣಿ ಸುರಂಗದೊಳಗೆ ಕರ್ಕೊಂಡು ಹೋಗಿ ಬಹುಪಾಲು ಜನರ ಜೀವ ಉಳಿಸಿದ ರೇಂಜರ್ ಎಡ್ ಪುಲಾಸ್ಕಿ ಹೆಸರೇ ಈ ಉಪಕರಣಕ್ಕೆ. ಸುರಂಗದಿಂದ ಓಡಿಹೋಗೋಕೆ ನೋಡಿದವರನ್ನ ಅವನು ಪಿಸ್ತೂಲು ತೋರಿಸಿ ತಡೆದನಂತೆ. ಲೀಡರ್ ಅಂದ್ರೆ ನನಗೆ ಮೊದಲು ನೆನಪಾಗೋದು ಅವನೇ.

ಮೊದಲ ದೊಡ್ಡ ಮರ ಕ್ಯಾಂಪಿಂದ ಅರ್ಧ ಮೈಲಿಯಲ್ಲೇ ಸಿಕ್ತು, ಸ್ಪ್ರೂಸ್, ಎರಡಡಿ ದಪ್ಪ. ಹುಡುಗಿಯನ್ನ ಎದುರುಗಡೆ ನಿಲ್ಲಿಸಿ ಗರಗಸ ಕೊಟ್ಟೆ. ಎಲ್ಲರೂ ಮಾಡೋ ತಪ್ಪನ್ನೇ ಅವಳೂ ಮಾಡಿದ್ಲು, ನಾನು ಎಳೆಯೋವಾಗ ಅವಳು ತಳ್ಳಿದ್ಲು. ತಳ್ಳಬಾರದು, ಎಳೆದು ಬಿಟ್ಟುಬಿಡಬೇಕು, ಆಮೇಲೆ ಎದುರಿನವರು ಎಳೀತಾರೆ. ತಳ್ಳಿದ್ರೆ ತೆಳ್ಳನೆ ಅಲಗು ಡೊಂಕಾಗಿ ಸಿಕ್ಕಾಕ್ಕೊಳ್ಳುತ್ತೆ. ಹತ್ತು ನಿಮಿಷ ಒದ್ದಾಟ ಆಯ್ತು, ಆಮೇಲೆ ಇದ್ದಕ್ಕಿದ್ದ ಹಾಗೆ ಅವಳ ಭುಜ ಸಡಿಲ ಆಗಿದ್ದು ನನ್ನ ಕೈಗೇ ಗೊತ್ತಾಯ್ತು, ಗರಗಸ ಹಾಡೋಕೆ ಶುರು ಮಾಡ್ತು. ಈ ಗರಗಸದಲ್ಲಿ ಎರಡು ಥರ ಹಲ್ಲು ಇರುತ್ತೆ, ಕಟರ್ ಹಲ್ಲು ನಾರನ್ನ ಎರಡೂ ಕಡೆ ಸೀಳುತ್ತೆ, ಮಧ್ಯೆ ರೇಕರ್ ಹಲ್ಲು ಅದನ್ನ ಕೆರೆದು ಹೊರಗೆ ಎಳೆಯುತ್ತೆ. ಹದವಾಗಿ ಹರಿತ ಮಾಡಿದ್ರೆ ಹೊಟ್ಟು ಪುಡಿಪುಡಿ ಬರಲ್ಲ, ಉದ್ದುದ್ದ ಶಾವಿಗೆ ಎಳೆ ಥರ ಬರುತ್ತೆ. ಮೇಷ್ಟ್ರು ನೆಲದಿಂದ ಒಂದು ಎಳೆ ಎತ್ತಿ ಬೆರಳಿಗೆ ಸುತ್ತಿ ನೋಡಿ, "ಇದನ್ನ ಹರಿತ ಮಾಡಿದವರು ಯಾರೋ ಗೊತ್ತಿಲ್ಲ, ಅವರ ಕೈಗೆ ನಮಸ್ಕಾರ" ಅಂದ್ರು. ನಾವು ಬಳಸೋ ಗರಗಸಗಳಿಗೆ ಮೇಷ್ಟ್ರಿಗಿಂತ ಜಾಸ್ತಿ ವಯಸ್ಸು, ಹಳೇ ಉಕ್ಕೇ ಚೆನ್ನಾಗಿರುತ್ತೆ, ಅದನ್ನ ಸರಿಯಾಗಿ ಅರ ಹಾಕೋಕೆ ಬರೋ ಜನ ಈಗ ಬಹಳ ಕಡಿಮೆ.

ಆ ದಿನ 19 ಮರ.

ದಿನ 3

ಅದೇ ಕೆಲಸ. 31 ಮರ, ಹೆಚ್ಚಿನವು ಸಣ್ಣವು. ಬೆನ್ನು ನೋವು, ಸೊಳ್ಳೆ, ರಾತ್ರಿ ಪುಳಿಯೋಗರೆ. ಸೇಬಿನ ತೋಟದವರು ಎರಡು ಸಲ ಹಾಕಿಸ್ಕೊಂಡ್ರು.

ದಿನ 4

ಇವತ್ತು ಗರಗಸ ಕೆಳಗಿಟ್ಟು ನೀರಿನ ಕೆಲಸ. ನನಗೆ ಇದೇ ಅತಿ ಇಷ್ಟ, ಮರ ಕೊಯ್ದ ಫೋಟೋ ಎಲ್ಲರೂ ತೆಗಿತಾರೆ, ಕಣಿ ತೋಡಿದ ಫೋಟೋ ಯಾರೂ ತೆಗೆಯಲ್ಲ, ಆದ್ರೆ ದಾರಿ ಉಳಿಯೋದು ಕಣಿಯಿಂದ.

ಕ್ಯಾಂಪಿಂದ ಮೇಲೆ ಒಂದು ಜಾಗದಲ್ಲಿ ದಾರಿನೇ ಹಳ್ಳ ಆಗಿತ್ತು. ಕರಗಿದ ಹಿಮದ ನೀರು ದಾರಿ ಹಿಡ್ಕೊಂಡೇ ಇಳಿದು ಮೊಣಕಾಲುದ್ದ ಕೊರೆದಿತ್ತು, ಜನ ಪಕ್ಕದಲ್ಲಿ ನಡೆದು ಎರಡನೇ ದಾರಿ, ಅದೂ ಕೆಸರಾಗಿ ಮೂರನೇ ದಾರಿ. ಕಾರಣ ಹುಡುಕ್ತಾ ಮೇಲೆ ಹೋದ್ರೆ ನಲವತ್ತು ಹೆಜ್ಜೆ ದೂರದಲ್ಲಿ ಸಿಕ್ತು. ಹಿಂದೆ ಯಾರೋ ದಾರಿಗೆ ಓರೆಯಾಗಿ ಕಲ್ಲು ಹೂತು ನೀರು ಆಚೆ ಹೋಗೋಕೆ ಮಾಡಿದ್ದ ಕಟ್ಟೆ, ಅದರ ಬಾಯಿ ಹೂಳು ತುಂಬಿ ಮುಚ್ಚಿತ್ತು. ಅಷ್ಟೇ. ಒಂದು ಬುಟ್ಟಿ ಮಣ್ಣು ತೆಗೆಯದೇ ಇದ್ದಿದ್ದಕ್ಕೆ ನಲವತ್ತು ಹೆಜ್ಜೆ ದಾರಿ ಹೋಗಿತ್ತು.

ನಮ್ಮೂರು ತೀರ್ಥಹಳ್ಳಿ ಹತ್ರ. ಅಡಿಕೆ ತೋಟದ ಬಸಿಗಾಲುವೆ ಬಿಡಿಸೋದು ಮಳೆಗಾಲಕ್ಕೆ ಮೊದಲಿನ ಕೆಲಸ, ಅಪ್ಪಯ್ಯ ನನ್ನನ್ನ ಜೊತೆಗೆ ಕರ್ಕೊಂಡು ಹೋಗ್ತಿದ್ರು, "ಏ ಪುಟ್ಟಿ, ನೀರಿಗೆ ನಾವು ದಾರಿ ಕೊಡದಿದ್ರೆ ಅದೇ ಮಾಡ್ಕಂಡು ಹೋಗ್ತದೆ, ಆಮೇಲೆ ಧರೆ ಜರಿದು ಕೂರ್ತದೆ" ಅಂತ. ಅದೇ ಮಾತನ್ನ ಈ ಆರು ಜನಕ್ಕೆ ಇಂಗ್ಲಿಷಲ್ಲಿ ಹೇಳ್ದೆ. ಕಣಿಯ ಬಾಯಿ ಅಗಲ ಇರ್ಬೇಕು, ಕಿರಿದಾದ್ರೆ ಒಂದೇ ಎಲೆ ಸಾಕು ಮುಚ್ಚೋಕೆ. ಇಳಿಜಾರು ಇರ್ಬೇಕು ಆದ್ರೆ ಕಡಿದಾಗಿರಬಾರದು. ತೆಗೆದ ಮಣ್ಣನ್ನ ದಾರಿಯ ಕೆಳ ಅಂಚಿಗೆ ಹಾಕಬಾರದು, ಅಲ್ಲೇ ದಿಂಡು ಕಟ್ಟಿ ನೀರು ಮತ್ತೆ ದಾರಿಗೇ ಬರುತ್ತೆ. ದಾರಿಯ ಮೈ ಹೊರಗಡೆಗೆ ಸ್ವಲ್ಪ ಓರೆ ಇರ್ಬೇಕು, ನಡೆಯೋ ಕಾಲಿಗೆ ಗೊತ್ತಾಗಬಾರದು, ನೀರಿಗೆ ಗೊತ್ತಾಗಬೇಕು.

ಹುಡುಗಿ ಒಂದು ಕಟ್ಟೆ ಪೂರ್ತಿ ತಾನೇ ಮಾಡಿದ್ಲು. ಕಲ್ಲು ಇಟ್ಟು ಮೇಲೆ ಹತ್ತಿ ಕುಣಿದು ನೋಡಿದ್ಲು, ಅಲ್ಲಾಡ್ತು. ತೆಗೆದ್ಲು. ಮತ್ತೆ ಇಟ್ಟಳು, ಮತ್ತೆ ಅಲ್ಲಾಡ್ತು. ಕೊನೆಗೆ ಕಲ್ಲನ್ನ ಮಗುಚಿ ಅಗಲದ ಮುಖ ಕೆಳಗೆ ಮಾಡಿ ಮುಕ್ಕಾಲು ಪಾಲು ಹೂತಳು. ಬಾಟಲಿಯಿಂದ ನೀರು ಸುರಿದು ನೋಡಿದ್ವಿ. ನೀರು ಕಲ್ಲಿಗೆ ಬಂದು ಒಂದು ಕ್ಷಣ ನಿಂತು, ತಿರುಗಿ, ಎಲೆ ಒಂದನ್ನ ಹೊತ್ಕೊಂಡು ಕಾಡಿನ ಕಡೆ ಇಳೀತು. ಎಲ್ಲರೂ ಕೂಗಿದ್ವಿ.

ನಮ್ಮ ಕಡೆ ಮುಯ್ಯಾಳು ಅಂತ ಇದೆ, ನಾನು ನಿನ್ನ ಗದ್ದೆಗೆ ಬರ್ತೀನಿ, ನೀನು ನನ್ನ ಗದ್ದೆಗೆ ಬಾ. ರಾತ್ರಿ ಊಟದ ಹೊತ್ತಲ್ಲಿ ಇದನ್ನ ವಿವರಿಸಿದಾಗ ನರ್ಸ್ ಕೇಳಿದ್ರು, ಹಾಗಾದ್ರೆ ಇಲ್ಲಿ ನಮಗೆ ಮುಯ್ಯಿ ತೀರಿಸೋರು ಯಾರು ಅಂತ. ಮೇಷ್ಟ್ರು ಹೇಳಿದ್ರು, ನಾನು ಇಪ್ಪತ್ತರಲ್ಲಿ ಈ ದಾರಿಯಲ್ಲಿ ನಡೆದಿದ್ದೆ, ಆಗ ಯಾರು ಬಿಡಿಸಿದ್ರೋ ನಾನು ಕೇಳಿರ್ಲಿಲ್ಲ, ಈಗ ತೀರಿಸ್ತಿದ್ದೀನಿ ಅಂತ.

ದಿನ 5

ಬೆಳಗ್ಗೆ ಹನ್ನೊಂದಕ್ಕೇ ಪಶ್ಚಿಮದಲ್ಲಿ ಕಪ್ಪು ಮೋಡ. ಗುಡುಗು ಕೇಳಿದ ತಕ್ಷಣ ಕೆಲಸ ನಿಲ್ಲಿಸಿ ಟೂಲ್ ಎಲ್ಲ ಒಂದು ಕಡೆ ರಾಶಿ ಹಾಕಿ, ಸತ್ತ ಮರಗಳಿಲ್ಲದ ತಗ್ಗಿಗೆ ಹೋಗಿ ದೂರ ದೂರ ಕೂತ್ವಿ. ಒಣ ಮರಗಳ ಕಾಡಲ್ಲಿ ಸಿಡಿಲಿಗಿಂತ ಗಾಳಿಗೆ ಜಾಸ್ತಿ ಭಯ. ಒಂದು ಗಂಟೆಯಲ್ಲಿ ಹನ್ನೊಂದು ಮರ ಬಿದ್ದ ಸದ್ದು ಎಣಿಸಿದೆ. ಆಲಿಕಲ್ಲು ಬಿತ್ತು. ಎಲ್ಲರೂ ನಡುಗ್ತಿದ್ರು, ಕ್ಯಾಂಪಿಗೆ ಬಂದ ಮೇಲೆ ಅಮ್ಮ ಕಳಿಸಿದ್ದ ಕಷಾಯದ ಪುಡಿ, ಕೊತ್ತಂಬರಿ ಜೀರಿಗೆ ಮೆಣಸು ಹುರಿದು ಮಾಡಿದ್ದು, ಬೆಲ್ಲ ಹಾಕಿ ಹಾಲಿನ ಪುಡಿ ಹಾಕಿ ಕುದಿಸಿ ಕೊಟ್ಟೆ. ಮಾತಾಡದ ಹುಡುಗ ಕೂಡ ಇನ್ನೊಂದು ಲೋಟ ಅಂತ ಕೈ ಚಾಚಿದ.

ದಿನ 6

ಮೇಲಿನ ದಾರಿಯಲ್ಲಿ ಬೆಳಗ್ಗೆ ಬೇಗ ಒಂಬತ್ತು ಮರ ಆಯ್ತು. ಇನ್ನು ಒಂದು ಮೈಲಿ ಸ್ವಲ್ಪ ಜಾಸ್ತಿ ಹೋದ್ರೆ ಸರೋವರ. ಎಲ್ಲರಲ್ಲೂ ಹುರುಪು, ನನ್ನಲ್ಲೂ. ಅಲ್ಲಿ ಸಿಕ್ತು ಅದು.

ಕಡಿದಾದ ಇಳಿಜಾರಲ್ಲಿ ನಲವತ್ತರಷ್ಟು ಮರ ಒಂದರ ಮೇಲೊಂದು, ಕಡ್ಡಿಪೆಟ್ಟಿಗೆ ಚೆಲ್ಲಿದ ಹಾಗೆ. ನಿನ್ನೆ ಗಾಳಿಗೆ ಬಿದ್ದವೂ ಇದ್ವು, ಮುರಿದ ಜಾಗ ಇನ್ನೂ ಹಳದಿ. ಬಿದ್ದ ಮರ ಸುಮ್ಮನೆ ಮಲಗಿರಲ್ಲ. ಎರಡು ತುದಿ ಆಸರೆ ಮೇಲಿದ್ರೆ ಮೇಲ್ಭಾಗ ಒತ್ತಿಕೊಂಡಿರುತ್ತೆ, ಮೇಲಿಂದ ಕೊಯ್ದ್ರೆ ಗರಗಸ ಕಚ್ಕೊಳ್ಳುತ್ತೆ, ಅದಕ್ಕೆ ಬೆಣೆ ಹೊಡೀತಾ ಹೋಗ್ಬೇಕು, ಇಲ್ಲ ಅಂದ್ರೆ ಕೊಡಲಿ ಕಾವಿನ ಮೇಲೆ ಗರಗಸ ಮಗುಚಿ ಇಟ್ಟು ಕೆಳಗಿಂದ ಕೊಯ್ಯಬೇಕು. ಒಂದು ತುದಿ ಗಾಳಿಯಲ್ಲಿ ನೇತಾಡ್ತಿದ್ರೆ ಉಲ್ಟಾ. ಇವೆರಡೂ ಓದೋಕೆ ಬರುತ್ತೆ. ಪಕ್ಕಕ್ಕೆ ಬಿಲ್ಲಿನ ಥರ ಬಗ್ಗಿ ಬಿಗಿದಿರೋ ಮರ ಇದೆಯಲ್ಲ, ಸೈಡ್ ಬೈಂಡ್ ಅಂತೀವಿ, ಅದು ಬಿಟ್ಟುಕೊಂಡ್ರೆ ಎದುರಿಗಿರೋರ ಕಾಲು ಮುರಿಯುತ್ತೆ.

ಹದಿನೈದು ನಿಮಿಷ ಸುತ್ತ ಓಡಾಡಿ ನೋಡಿದೆ. ಮೇಲಿನ ಎರಡು ಮರ ಸರಳ ಇದ್ದ ಹಾಗೆ ಕಾಣಿಸ್ತು. ಕೊಯ್ಯೋಣ ಅಂದೆ. ಮೊದಲನೇದು ಆಯ್ತು. ಎರಡನೇದಕ್ಕೆ ನಾನು, ನರ್ಸ್. ಮುಕ್ಕಾಲು ಕೊಯ್ದಿದ್ವಿ, ಬೆಣೆ ಎರಡು ಹೊಡೆದಿದ್ವಿ. ಗರಗಸದ ಸದ್ದು ಬದಲಾಯ್ತು. ಹಾಡ್ತಿದ್ದದ್ದು ಒಮ್ಮೆ ಕೀರಲು ಆಯ್ತು, ಅದರ ಹಿಂದೆಯೇ ರಾಶಿಯ ಒಳಗೆಲ್ಲೋ ಟಕ್ ಅಂತ ಸಣ್ಣ ಸದ್ದು, ಬೆರಳು ನೆಟಿಕೆ ತೆಗೆದ ಹಾಗೆ. ನಾನು "ಬಿಡಿ, ಹಿಂದೆ!" ಅಂತ ಕೂಗಿದೆ, ಇಬ್ಬರೂ ಹಿಡಿ ಬಿಟ್ಟು ಮೇಲಕ್ಕೆ ಹಾರಿದ್ವಿ. ಇಡೀ ರಾಶಿ ಒಂದು ಗೇಣು ಕೆಳಗೆ ಕೂತಿತು. ಬೆಣೆ ಒಂದು ಚಿಮ್ಮಿ ಪೊದೆಗೆ ಹೋಯ್ತು. ನರ್ಸ್ ನಿಂತಿದ್ದ ಜಾಗದಲ್ಲಿ ಈಗ ಒಂದು ಕಾಂಡ ಇತ್ತು.

ಸುಮಾರು ಹೊತ್ತು ಯಾರೂ ಮಾತಾಡ್ಲಿಲ್ಲ. ರಾಶಿಯ ಅಡಿಯಲ್ಲಿ ಪಕ್ಕಕ್ಕೆ ಬಿಗಿದಿದ್ದ ಒಂದು ಮರ ನನಗೆ ಕಂಡಿರ್ಲಿಲ್ಲ. ಹದಿನೈದು ನಿಮಿಷ ನೋಡಿದ್ದು ಸಾಲದಾಗಿತ್ತು, ಸರೋವರ ಹತ್ರ ಇದೆ ಅನ್ನೋದು ತಲೆಯಲ್ಲಿ ಇದ್ದಿದ್ರಿಂದ ನಾನು ಬೇಗ ನೋಡಿದ್ದೆ. ಅದನ್ನ ಹಾಗೇ ಎಲ್ಲರ ಮುಂದೆ ಹೇಳಿದೆ, ತಪ್ಪು ನನ್ನದು ಅಂತ. ನರ್ಸ್ ನನ್ನ ಭುಜದ ಮೇಲೆ ಕೈ ಇಟ್ಟು, ನೀವು ಕೂಗಿದ್ರಲ್ಲ, ಅಂದ್ರು.

ಸಿಕ್ಕಿಕೊಂಡ ಗರಗಸ ಬಿಡಿಸೋಕೆ ನಲವತ್ತು ನಿಮಿಷ. ಮೇಲಿನ ಕಡೆಯಿಂದ ಮಾತ್ರ ಕೆಲಸ, ಒಂದು ಹಿಡಿ ಬಿಚ್ಚಿ, ಅಲಗನ್ನ ಉದ್ದಕ್ಕೆ ನಿಧಾನ ಎಳೆದುಕೊಂಡ್ವಿ. ಹಲ್ಲು ಸರಿ ಇತ್ತು. ಆಮೇಲೆ ನಾನು, ಇಲ್ಲಿಗೆ ಸಾಕು, ವಾಪಸ್ ಹೋಗೋಣ ಅಂದೆ.

ಹುಡುಗಿ ಕಣ್ಣಲ್ಲಿ ನೀರು. "ಇನ್ನೊಂದೇ ಮೈಲಿ ಅಲ್ವಾ, ನಾಳೆ ಇಡೀ ದಿನ ಇದೆಯಲ್ಲ, ನಿಧಾನಕ್ಕೆ ಮಾಡೋಣ" ಅಂದ್ಲು. ಅವಳ ಮಾತಲ್ಲಿ ತಪ್ಪೇನಿಲ್ಲ, ನನಗೂ ಹಾಗೇ ಅನ್ನಿಸ್ತಿತ್ತು. ಆದ್ರೆ ಗರಗಸ ಕೆಲಸಕ್ಕೆ ನನಗಿರೋ ಸರ್ಟಿಫಿಕೇಟ್ ಬಿ ಲೆವೆಲ್ಲಿಂದು, ಈ ರಾಶಿ ಬಿಡಿಸೋಕೆ ಅದಕ್ಕಿಂತ ಮೇಲಿನ ಸಿ ಲೆವೆಲ್ ಸಾಯರ್, ಅಂದ್ರೆ ಮರ ಕೊಯ್ಯೋರು, ಬೇಕು. ಇಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ಸ್ಯಾಟಲೈಟ್ ಮೆಸೆಂಜರಲ್ಲಿ ಬಟನ್ ಒತ್ತಬಹುದು, ಹೆಲಿಕಾಪ್ಟರ್ ಬರೋದು ಹವಾಮಾನ ನೋಡ್ಕೊಂಡು. ನಾನು ವಾದ ಮಾಡ್ಲಿಲ್ಲ, ಬೇಡ ಅಂದೆ. ಮೇಷ್ಟ್ರು ಏನೂ ಹೇಳದೆ ಬಗ್ಗಿ ಬೆಣೆಗಳನ್ನ ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕೋಕೆ ಶುರು ಮಾಡಿದ್ರು, ಪೊದೆಗೆ ಹಾರಿದ್ದನ್ನೂ ಹುಡುಕಿ ತಂದ್ರು. ಆಮೇಲೆ ಹುಡುಗಿಯೂ ಕೊಡಲಿಗೆ ಕವರ್ ಹಾಕಿದ್ಲು.

ರಾತ್ರಿ ಟೆಂಟಲ್ಲಿ ಆ ಟಕ್ ಸದ್ದು ಎಷ್ಟು ಸಲ ಕೇಳಿಸಿತೋ. ಮೋಟಾರ್ ಗರಗಸ ಆಗಿದ್ರೆ ಅದು ಕೇಳ್ತಾನೇ ಇರ್ಲಿಲ್ಲ.

ದಿನ 7

ಕ್ಯಾಂಪಿನ ಕೆಳಗೆ ಜೌಗು ಜಾಗ ಒಂದಿತ್ತು. ಅಲ್ಲಿ ಬಿದ್ದ ಮರದ್ದೇ ತುಂಡು ತಗೊಂಡು ಒಂದು ಕಾಲುಸಂಕ ಹಾಕಿದ್ವಿ. ಇವತ್ತು ಕೆಲಸ ಮೇಷ್ಟ್ರ ಕೈಲಿ, ನಾವೆಲ್ಲ ಅವರ ಶಿಷ್ಯರು. ಮೇಲ್ಮೈಯನ್ನ ಕೊಡಲಿಯಲ್ಲಿ ಚಪ್ಪಟೆ ಕೆತ್ತಿ, ಕಾಲು ಜಾರದ ಹಾಗೆ ಅಡ್ಡಡ್ಡ ಗೀರು ಹಾಕಿಸಿದ್ರು, ಹುಡುಗಿ ಕೆತ್ತಿದ ಭಾಗದ ಮೇಲೆ ಕೈ ಆಡಿಸಿ ನೋಡಿ ಇನ್ನೊಂದು ಚೂರು ಅಂದ್ರು, ಅವಳು ಮತ್ತೆ ಕೆತ್ತಿದ್ಲು. ಸಂಜೆ ಎಲ್ಲರೂ ಅದರ ಮೇಲೆ ಆಚೆ ಹೋಗಿ ಈಚೆ ಬಂದ್ವಿ.

ದಿನ 8

ಹೇಸರಗತ್ತೆಗಳು ಒಂಬತ್ತಕ್ಕೆ ಬಂದ್ವು. ಮೊದಲನೇದು ಕಾಲುಸಂಕದ ಹತ್ರ ನಿಂತು ಮೂಸಿ ನೋಡಿ, ಪಕ್ಕದ ಕೆಸರಲ್ಲೇ ಇಳಿದು ದಾಟಿತು, ಹಿಂದಿನವೂ ಹಾಗೇ. ಅದು ಜನಕ್ಕೆ ಮಾಡಿದ್ದು, ಪರವಾಗಿಲ್ಲ. ಇಳಿಯೋವಾಗ ದಾರಿಯಲ್ಲಿ ಕುದುರೆ ಮೇಲೆ ಬರ್ತಿದ್ದ ಒಬ್ಬ ಅಜ್ಜ, ಅಜ್ಜಿ ಸಿಕ್ಕಿದ್ರು. "ಸರೋವರದ ತನಕ ದಾರಿ ಬಿಟ್ಟಿದೆಯಾ?" ಅಂತ ಅಜ್ಜ ಕೇಳಿದ್ರು. ಇಲ್ಲ, ಒಂದು ಮೈಲಿ ಈಚೆ ದೊಡ್ಡ ರಾಶಿ ಇದೆ, ಸುತ್ತಿ ಹೋಗೋಕೆ ನೋಡಬೇಡಿ, ಇಳಿಜಾರು ಕೆಟ್ಟದಾಗಿದೆ ಅಂದೆ. ಅಜ್ಜಿ ನನ್ನ ಹೆಲ್ಮೆಟ್, ಕೈ, ಹಿಂದೆ ನಿಂತಿದ್ದ ಆರೂ ಜನರನ್ನ ಒಬ್ಬೊಬ್ಬರಾಗಿ ನೋಡಿ, ಅಲ್ಲಿವರೆಗೆ ಹೋಗಿ ಬರ್ತೀವಿ ಬಿಡಿ, ಅಂದ್ರು.

ರಸ್ತೆ ಹತ್ರ ಗರಗಸದ ಮೇಲಿದ್ದ ಅಂಟು ಒರೆಸಿ, ಎಣ್ಣೆ ಸವರಿ, ಹೋಸ್ ಕವರ್ ಹಾಕಿ ಕಟ್ಟಿದ ಮೇಲೆ ಗಾಡಿ ಬಾನೆಟ್ ಮೇಲೆ ರಿಪೋರ್ಟ್ ಫಾರಂ ಬರೆದೆ. ಕೊಯ್ದ ಮರ 84. ಬಿಡಿಸಿದ ಕಣಿ 37. ಹೊಸ ಕಲ್ಲಿನ ಕಟ್ಟೆ 5. ಕಾಲುಸಂಕ 1. ಗಾಯ: ಇಲ್ಲ. ಅದರ ಕೆಳಗೆ ಆಗದೇ ಉಳಿದ ಕೆಲಸ ಅಂತ ಒಂದು ಖಾಲಿ ಜಾಗ ಇರುತ್ತೆ. ಅಲ್ಲಿ ರಾಶಿ ಇರೋ ಜಾಗದ ಜಿಪಿಎಸ್ ನಂಬರ್, ಸುಮಾರು ನಲವತ್ತು ಮರ, ಅಡಿಯಲ್ಲಿ ಮರೆಯಾಗಿ ಸೈಡ್ ಬೈಂಡ್, ಎರಡನೇ ಮರ ಮುಕ್ಕಾಲು ಕೊಯ್ದು ಬಿಟ್ಟಿದೆ, ಆ ಕಾಂಡದ ಕೆಳಗಡೆ ಯಾರೂ ನಿಲ್ಲಬಾರದು, ಅಂತ ದೊಡ್ಡ ಅಕ್ಷರದಲ್ಲಿ ಬರೆದೆ. ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋಯ್ತು.